ಗಾಜಿನಾಚೆಯ ತುಟಿಮಾತು

7 ಅಕ್ಟೋಬರ್ 1935, ಸೋಮವಾರ

ರೇಡಿಯೊ ನಾಟಕದ ಮೂರನೇ ರಿಹರ್ಸಲ್. ಗುಂಪಿನ ಗಲಾಟೆ ಇನ್ನೂ ಸರಿಬಂದಿಲ್ಲ. ಎಂಟು ಜನ ನಿಂತು ಗುಜುಗುಜು ಅಂದರೆ ನೂರು ಜನ ಅನ್ನಿಸಬೇಕು. ಎಂಟು ಜನ ಗುಜುಗುಜು ಅಂದ ಹಾಗೇ ಇದೆ. ಇಬ್ಬರನ್ನು ಗೋಡೆ ಕಡೆ ಮುಖ ಮಾಡಿಸಿ ನಿಲ್ಲಿಸಿದೆ — ಸ್ವಲ್ಪ ವಾಸಿ. ನಮ್ಮ ಸದ್ದಿನವನು ವಿಲ್ಫ್, ನೆಲ್ಸನ್ ಊರಿನಿಂದ ಒಂದು ಹಳೇ ಮಗ್ಗವನ್ನೇ ಬಿಚ್ಚಿ ತಂದು ಸ್ಟುಡಿಯೊದಲ್ಲಿ ಜೋಡಿಸಿದ್ದಾನೆ. ಓಡಿಸಿದರೆ ಕಟ್ಟಡ ನಡುಗುತ್ತೆ. ಕೆಳಗಿನ ಮಹಡಿಯವರು ದೂರು ಕೊಟ್ಟಿದ್ದಾರೆ. ಕೊಡಲಿ.

ಗೆಳತಿ ಸೆಲೀನಾ ಮುದುಕಿಯ ಪಾತ್ರ ಓದಿದಳು. ವಿಲ್ಫ್ ಮೂಗು ಒರೆಸಿಕೊಂಡ. ಕೊನೆಯ ಮಾತು ನನ್ನ ಅಮ್ಮನದು. ಮಿಲ್ಲಿನ ನೇಯ್ಗೆ ಶೆಡ್ ಮುಚ್ಚಿದ ದಿನ ಮನೆಗೆ ಬಂದು ಶಾಲು ಕೂಡ ತೆಗೆಯದೆ ಹೇಳಿದ್ದು. 'ಮೂವತ್ತು ವರ್ಷ ಲಿಝಿ ನನ್ನ ಪಕ್ಕದ ಮಗ್ಗದವಳು. ಅವಳ ದನಿ ಇಷ್ಟು ಸಣ್ಣ ಅಂತ ಮಗ್ಗ ನಿಂತ ಮೇಲೆ ಗೊತ್ತಾಯ್ತು.' ಇಡೀ ಕಾರ್ಯಕ್ರಮ ಬರೆದದ್ದೇ ಈ ಮಾತಿಗಾಗಿ. ನವೆಂಬರ್ ಒಂದಕ್ಕೆ ಪ್ರಸಾರ. ಈ ಸಲ ಉತ್ತರ ಇಂಗ್ಲೆಂಡಿಗೆ ಮಾತ್ರ ಅಲ್ಲ, ಇಡೀ ದೇಶಕ್ಕೆ.

ಶೆಡ್ಡಿನಲ್ಲಿ ಯಾರ ದನಿಯೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲ ತುಟಿಮಾತೇ. ಬಾಯಿ ದೊಡ್ಡದಾಗಿ ಆಡಿಸಬೇಕು, ಆಚೆಯವಳು ತುಟಿ ನೋಡಿ ತಿಳಿಯಬೇಕು. ಸೆಲೀನಾ, ನಾನು ಇಬ್ಬರೂ ಹದಿಮೂರನೇ ವಯಸ್ಸಿಗೇ ಅಲ್ಲಿ ಸೇರಿದವರು. ಮೇಸ್ತ್ರಿಯ ಹರಿದ ಪ್ಯಾಂಟಿನ ಬಗ್ಗೆ ಅವನ ತಲೆಯ ಮೇಲಿಂದಲೇ ಮಾತಾಡಿ ನಗುತ್ತಿದ್ದೆವು. ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ಆ ಬಾಯಿ ನೋಡಿಯೇ ಸಿನಿಮಾದವರು ನನ್ನನ್ನು ಕರೆದದ್ದು. ಮೂಕಿ ಚಿತ್ರಕ್ಕೆ ಇನ್ನೇನು ಬೇಕು? ಲೆಟ್ಟಿ ಹೋಲ್ಡನ್ ಹೋಗಿ ಐರಿಸ್ ವೇಲ್ ಆದೆ. ಸೆಲೀನಾಳನ್ನೂ ಎಳೆದುಕೊಂಡು ಹೋದೆ. ನಾನು ಡಚೆಸ್, ಅವಳು ಟ್ರೇ ಹಿಡಿದ ಕೆಲಸದವಳು. ಒಂದು ಚಿತ್ರದಲ್ಲಿ ಸಾಯುತ್ತಾ ಸಾಯುತ್ತಾ ಅವಳ ಕಡೆ ತಿರುಗಿ 'ಮಧ್ಯಾಹ್ನದ ಬೋಟಿ ಈರುಳ್ಳಿ ಎದೆಯಲ್ಲೇ ಕೂತಿದೆ ಕಣೆ' ಅಂದೆ. ಪರದೆಯ ಮೇಲೆ 'ನನ್ನ ಮಗುವನ್ನು ಕಾಪಾಡು' ಅಂತ ಅಕ್ಷರ ಬಂತು. ಕಿವುಡರ ಸಂಘದವರು ಸಿಟ್ಟಾಗಿ ಬರೆದರು — ಅವರಿಗೆ ಬೋಟಿ ಕಂಡಿತ್ತು.

ಮಾತಿನ ಚಿತ್ರ ಬಂದ ವರ್ಷ ಲಂಡನ್‌ನಲ್ಲಿ ದನಿ ಪರೀಕ್ಷೆ ಮಾಡಿದರು. ಬಾಯಿ ಬಿಟ್ಟೆ. ಯಂತ್ರದವನು ನಕ್ಕ. ಡಚೆಸ್ ಮುಖ, ಮಿಲ್ಲಿನ ಬಾಯಿ. ಅಲ್ಲಿಗೆ ಐರಿಸ್ ವೇಲ್ ಮುಗಿದಳು. ಇಲ್ಲಿ ಮ್ಯಾಂಚೆಸ್ಟರ್ ರೇಡಿಯೊಗೆ ಮಿಲ್ಲಿನ ಬಾಯಿಯೇ ಬೇಕಿತ್ತು. ದೇವರು ದೊಡ್ಡವನು.

13 ಅಕ್ಟೋಬರ್, ಭಾನುವಾರ

ಸೆಲೀನಾ ಚಹಕ್ಕೆ ಬಂದಳು, ಎಂದಿನ ಹಾಗೆ. ಎಂದಿನ ಹಾಗೆ ಬ್ರೆಡ್ ಪೂರ್ತಿ ಖಾಲಿ ಮಾಡಿದಳು. ಮನೆಯೊಡತಿ ಮಿಸೆಸ್ ಗ್ರಿಮ್‌ಶಾ ಬಾಗಿಲ ಬಳಿ ಸುಳಿದಾಡುತ್ತಿದ್ದರು. ಹಾಗಾಗಿ ಮುಖ್ಯವಾದದ್ದೆಲ್ಲ ತುಟಿಮಾತಲ್ಲೇ ಆಯಿತು. ನನಗೆ ಈಗ ಅವಳ ತುಟಿ ಕಾಣಬೇಕಾದರೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ಸಿನಿಮಾ ದೀಪ ತಿಂದ ಕಣ್ಣು. ಆಗ ಬೇಯುವಂಥ ದೀಪದ ಮುಂದೆ ದಿನವಿಡೀ ನಿಲ್ಲಿಸುತ್ತಿದ್ದರು, ಸಂಜೆ ಕಣ್ಣಿಗೆ ಆಲೂಗಡ್ಡೆ ಹೋಳು ಕಟ್ಟಿಕೊಂಡು ಮಲಗುತ್ತಿದ್ದೆವು. ಟ್ರೇ ಹಿಡಿದವಳು ದೀಪದ ಹಿಂದೆ ಇದ್ದಳು. ಅವಳ ಕಣ್ಣು ಚೆನ್ನಾಗಿದೆ.

'ಕನ್ನಡಕ ಹಾಕ್ಕೊಳೇ, ಕುರುಡಿ' ಅಂದಳು.

ಆಗಲ್ಲ ಅಂದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಜಾತಿ ನಾನು. ಆಫೀಸಿನಲ್ಲಿ ಹಳಬರು ಈಗಲೂ 'ಐರಿಸ್ ವೇಲ್ ಅಲ್ಲವೇ' ಅಂತ ಟೋಪಿ ತೆಗೆಯುತ್ತಾರೆ. ಅವರ ಮುಂದೆ ಗೂಬೆ ಹಾಗೆ ಹೇಗೆ ಕೂರಲಿ?

ಕಾಯಂ ಹುದ್ದೆಯ ಸಂದರ್ಶನ ನವೆಂಬರ್ ಎಂಟಕ್ಕೆ. ಉತ್ತರ ವಿಭಾಗದ ನಾಟಕ ನಿರ್ಮಾಪಕಿ. ಇಷ್ಟು ವರ್ಷ ಆರಾರು ತಿಂಗಳ ಕರಾರಿನ ಮೇಲೆ ನೇತಾಡಿದ್ದೇನೆ. ಈಗಿನದ್ದೂ ನವೆಂಬರ್ ಕೊನೆಗೆ ಮುಗಿಯುತ್ತೆ. ಇದು ಸಿಗದಿದ್ದರೆ ಮುಂದೆ ಕರಾರೂ ಇಲ್ಲ, ಹೊಸ ನಿರ್ದೇಶಕರು ಪೆಲ್ಹಮ್ ಮೊದಲೇ ಹೇಳಿದ್ದಾರೆ. ಸ್ಪರ್ಧೆಗೆ ಅವರು ಲಂಡನ್ನಿನಿಂದ ಜೊತೆಗೆ ತಂದ ಥರ್ಲೋ ಇದ್ದಾನೆ. ಆಕ್ಸ್‌ಫರ್ಡ್. ಮಗ್ಗ ಅಂದರೆ ಪಿಯಾನೊ ಜಾತಿಯದು ಅಂದುಕೊಂಡಿದ್ದ.

ಕಾಯಂ ಹುದ್ದೆಗೆ ಮದುವೆಯಾದ ಹೆಂಗಸು ಬೇಡ. ಶಾಲೆಯಲ್ಲಿ, ಬ್ಯಾಂಕಿನಲ್ಲಿ ಇರುವ ಹಾಗೆ ಇಲ್ಲೂ ಅದೇ ನಿಯಮ. ನಾನು ಎಲ್ಲರಿಗೂ ಮಿಸ್ ಹೋಲ್ಡನ್. ಕ್ಯಾಮೆರಾ ಹಿಡಿಯುತ್ತಿದ್ದ ಆಂಬ್ರೋಸ್‌ನನ್ನು ರಿಜಿಸ್ಟರ್ ಆಫೀಸಿನಲ್ಲಿ ಕಟ್ಟಿಕೊಂಡದ್ದು, ಅವನು ಒಂದೇ ವರ್ಷಕ್ಕೆ ಹಡಗು ಹತ್ತಿ ಅಮೆರಿಕಾಕ್ಕೆ ಹೋದದ್ದು — ಇವೆರಡೂ ಸಿನಿಮಾ ಕಂಪನಿಯವರಿಗೆ ಗೊತ್ತಾಗಲಿಲ್ಲ. ಮದುವೆಯಾದ ನಾಯಕಿಗೆ ಟಿಕೆಟ್ ಹರಿಯಲ್ಲ ಅಂತ ಮುಚ್ಚಿಟ್ಟದ್ದು. ಬಿಡುಗಡೆ ಕೇಳೋಣ ಅಂದರೆ ಕೋರ್ಟು, ಪೇಪರು, ಊರೆಲ್ಲ ಡಂಗುರ. ಅವನನ್ನು ಬಿಟ್ಟರೆ ಬದುಕಿರುವವರಲ್ಲಿ ಗೊತ್ತಿರುವುದು ಸೆಲೀನಾಗೆ ಒಬ್ಬಳಿಗೆ. ಸಾಕ್ಷಿ ಹಾಕಿದವಳು ಅವಳೇ.

'ಹೆದರಬೇಡ, ನನ್ನ ಬಾಯಿಗೆ ಬೀಗ' ಅಂದಳು, ತುಟಿಯಲ್ಲೇ.

21 ಅಕ್ಟೋಬರ್, ಸೋಮವಾರ

ಪ್ರಸಾರದ ಹಲಗೆಯ ಮೇಲೆ ಸದ್ದಿನ ಮಟ್ಟ ತೋರಿಸುವ ಮುಳ್ಳು ಕಾಣದೆ ಇವತ್ತು ಮಗ್ಗದ ಸದ್ದನ್ನು ಮುದುಕಿಯ ಮಾತಿನ ಮೇಲೇ ಏರಿಸಿಬಿಟ್ಟೆ. ರಿಹರ್ಸಲ್ ಆದ್ದರಿಂದ ಬಚಾವು. ಪೆಲ್ಹಮ್ ಹಿಂದೆಯೇ ನಿಂತಿದ್ದರು. 'ದಣಿದ ಹಾಗೆ ಕಾಣ್ತೀರಿ, ಮಿಸ್ ಹೋಲ್ಡನ್' ಅಂದರು. ಆ ಮನುಷ್ಯನ ಸಹಾನುಭೂತಿ ಕೇಳಿದರೆ ಮೈ ಉರಿಯುತ್ತೆ.

ಸಂಜೆ ಹೋಗಿ ಕನ್ನಡಕಕ್ಕೆ ಹೇಳಿ ಬಂದೆ. ಯಾರಿಗೂ ಹೇಳಿಲ್ಲ. ಸೆಲೀನಾಗೂ ಇಲ್ಲ — ಹೇಳಿದರೆ ಜನ್ಮಪೂರ್ತಿ ಆಡಿಕೊಳ್ತಾಳೆ.

29 ಅಕ್ಟೋಬರ್, ಮಂಗಳವಾರ

ಇವತ್ತೇ ಬರೆಯಬೇಕು, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ನನಗೇ ಅನುಮಾನ ಬರುತ್ತೆ.

ಮಧ್ಯಾಹ್ನ ಚಹಕ್ಕೆ ಬಿಟ್ಟೆವು. ಎಲ್ಲರೂ ಕ್ಯಾಂಟೀನಿಗೆ. ನಾನು ಗಾಜಿನ ಗೂಡಿನಲ್ಲೇ ಉಳಿದೆ — ಸ್ಟುಡಿಯೊಗೂ ನಮಗೂ ನಡುವೆ ದಪ್ಪ ಗಾಜು ಹಾಕಿದ ಆ ಪುಟ್ಟ ಕೋಣೆ. ದೀಪ ಆರಿಸಿದೆ. ಬೆಳಿಗ್ಗೆ ತಂದ ಕನ್ನಡಕವನ್ನು ಕೈಚೀಲದಿಂದ ತೆಗೆದು ಹಾಕಿಕೊಂಡೆ. ಕತ್ತಲಲ್ಲಿ, ಕಳ್ಳಿಯ ಹಾಗೆ.

ಎಷ್ಟು ಚೆನ್ನಾಗಿ ಕಂಡಿತು! ಆಚೆ ಗೋಡೆಯ ಗಡಿಯಾರ, ಮಗ್ಗದ ಒಂದೊಂದು ಹಲ್ಲು, ವಿಲ್ಫ್ ಬಿಟ್ಟು ಹೋದ ಸ್ಯಾಂಡ್‌ವಿಚ್. ಮಗುವಿನ ಹಾಗೆ ಖುಷಿ ಆಯಿತು. ಸುಮ್ಮನೆ ನೋಡುತ್ತಾ ಕೂತೆ.

ಸೆಲೀನಾ ಸ್ಟುಡಿಯೊಗೆ ಬಂದಳು. ಹಿಂದೆ ಪೆಲ್ಹಮ್. ಮೈಕು ಆಫ್, ಒಂದು ಚೂರು ಸದ್ದು ಈ ಕಡೆಗೆ ಬರಲಿಲ್ಲ. ಪೆಲ್ಹಮ್ ಬೆನ್ನು ನನ್ನ ಕಡೆಗಿತ್ತು, ಅವರು ಕೇಳಿದ್ದು ನನಗೆ ಸಿಗಲಿಲ್ಲ. ಸೆಲೀನಾ ಮುಖ ಪೂರ್ತಿ ನನ್ನ ಕಡೆ.

ಬರೀ ಮಾತಾಡಿದ್ದರೆ ಅರ್ಧವೂ ತಿಳಿಯುತ್ತಿರಲಿಲ್ಲ. ಗುಟ್ಟು ಹೇಳಬೇಕಾದರೆ ನಮ್ಮೂರ ಹೆಂಗಸರು ದನಿ ಇಳಿಸಿ ಬಾಯಿ ಅಗಲಿಸುತ್ತಾರೆ. ಗರ್ಭದ ಸಮಾಚಾರ, ಗಂಡನ ಕುಡಿತ, ಆಪರೇಷನ್ನು — ಎಲ್ಲ ಹಾಗೇ. ಶೆಡ್ ಬಿಟ್ಟು ಎಷ್ಟು ವರ್ಷವಾದರೂ ಹೋಗದ ಚಾಳಿ. ಪೆಲ್ಹಮ್‌ಗೆ ಗುಟ್ಟು ಹೇಳಲು ಅವಳು ಹಾಗೇ ಬಾಯಿ ಮಾಡಿದಳು. ಅವರಿಗೆ ಅದರಿಂದ ಏನೂ ಉಪಯೋಗವಿಲ್ಲ. ನನಗೆ ಅಚ್ಚು ಹಾಕಿಕೊಟ್ಟ ಹಾಗಾಯಿತು.

'ಮಿಸ್ ಅಲ್ಲ. ಮದುವೆ ಆಗಿದೆ.'

ಪೆಲ್ಹಮ್ ತಲೆ ಅಲ್ಲಾಡಿತು.

'ರಿಜಿಸ್ಟರ್ ಆಫೀಸಲ್ಲಿ. ನಾನೇ ಸಾಕ್ಷಿ.'

ಮತ್ತೆ ಏನೋ ಕೇಳಿದರು.

'ಬದುಕಿದಾನೆ. ಅಮೆರಿಕಾದಲ್ಲಿ.'

ಆಮೇಲೆ ಕೈ ಎದೆಯ ಮೇಲಿಟ್ಟುಕೊಂಡಳು. 'ನನ್ನ ಹೆಸರು ಬರಬಾರದು ಸಾರ್.' ಮತ್ತೆ, 'ಗುರುವಾರದ್ದು ನನಗೇ ತಾನೆ? ಆಂಟಿ ಕೆಲಸ?'

ಗುರುವಾರ ಸಂಜೆಯ ಮಕ್ಕಳ ಕಾರ್ಯಕ್ರಮ. ಅದರಲ್ಲಿ ಕಥೆ ಹೇಳುವ ಹಳೇ ಆಂಟಿ ಬಿಟ್ಟು ಹೋಗಿದ್ದಾರೆ, ಹೊಸಬರನ್ನು ಹುಡುಕುತ್ತಿದ್ದಾರೆ. ಅದು ವಾರವಾರದ ಕಾಯಂ ಕೆಲಸ.

ಪೆಲ್ಹಮ್ ಅವಳ ಭುಜ ತಟ್ಟಿ ಹೋದರು. ಸೆಲೀನಾ ಒಬ್ಬಳೇ ನಿಂತಳು. ವಿಲ್ಫ್‌ನ ಸ್ಯಾಂಡ್‌ವಿಚ್ಚಿನ ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಅಷ್ಟು ಆರಾಮವಾಗಿ ತಿಂದಳು.

30 ಅಕ್ಟೋಬರ್, ಬುಧವಾರ

ಅವಳನ್ನು ಪಾತ್ರದಿಂದ ತೆಗೆಯೋಣ ಅಂದುಕೊಂಡು ಎದ್ದೆ. ತೆಗೆದರೆ ಯಾರಿದ್ದಾರೆ? ಎರಡು ದಿನದಲ್ಲಿ ಆ ಮುದುಕಿಯಾಗುವವರು ಇಡೀ ಲ್ಯಾಂಕಷೈರ್‌ನಲ್ಲಿ ಇಲ್ಲ. ಅವಳಿಗೂ ಅದು ಗೊತ್ತು.

ರಿಹರ್ಸಲ್ ಮಾಡಿಸಿದೆ. 'ಇನ್ನೂ ಸ್ವಲ್ಪ ನಿಧಾನ, ಸೆಲೀನಾ' ಅಂದೆ. ನನ್ನ ದನಿ ನೆಟ್ಟಗೇ ಇತ್ತು. ನಟಿಯಾಗಿದ್ದಕ್ಕೆ ಇಷ್ಟಾದರೂ ಪ್ರಯೋಜನ ಬೇಡವೇ?

31 ಅಕ್ಟೋಬರ್, ಗುರುವಾರ

ಬಂದಿದ್ದಳು. ಮನೆಗೇ. ಉಣ್ಣೆಯ ಕೈಗವಸು ಹೆಣೆದು ತಂದಿದ್ದಳು, ನೀಲಿ ಬಣ್ಣದ್ದು, ಸಂದರ್ಶನಕ್ಕೆ ಹೋಗುವಾಗ ಹಾಕಿಕೊಳ್ಳಲಿ ಅಂತ.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ತಪ್ಪಿಸಿಕೊಂಡು ತಿರುಗುತ್ತಾಳೆ, ಮುಖ ಕೊಟ್ಟು ಮಾತಾಡಲ್ಲ ಅಂದುಕೊಂಡಿದ್ದೆ. ಇವಳು ನೋಡಿದರೆ ಕಾಲು ಚಾಚಿ ಬೆಂಕಿಯ ಮುಂದೆ ಕೂತು, ಕೆಲಸ ನಿನಗೇ ಗ್ಯಾರಂಟಿ, ಥರ್ಲೋಗೆ ಮೂಗು ಒರೆಸಿಕೊಳ್ಳಲೂ ಬರಲ್ಲ, ಪೆಲ್ಹಮ್ ಮುಂದೆ ತಲೆ ಎತ್ತಿ ಉತ್ತರ ಕೊಡು ಅಂತ ಬುದ್ಧಿ ಹೇಳಿದಳು. ಕನ್ನಡಕ ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಅವಳ ಮುಖ ಮಸುಕುಮಸುಕಾಗಿಯೇ ಇರಲಿ ಅನ್ನಿಸಿತು.

'ಯಾಕೆ ಇಷ್ಟು ಮೌನ?' ಅಂದಳು.

'ಪ್ರಸಾರದ ಯೋಚನೆ.'

'ಅದು ನನ್ನ ಮೇಲೆ ಬಿಡು. ನಿನ್ನಮ್ಮನ ಮಾತು, ನಾನು ಕೆಡಿಸ್ತೀನಾ?'

ಹೋದ ಮೇಲೆ ಕೈಗವಸು ಒಲೆಗೆ ಹಾಕೋಣ ಅಂತ ಎತ್ತಿಕೊಂಡೆ. ಹೆಬ್ಬೆರಳಿನ ಹತ್ತಿರ ಎರಡು ಕಡೆ ಬಿಚ್ಚಿ ಮತ್ತೆ ಹೆಣೆದ ಗುರುತು ಇತ್ತು. ಕಷ್ಟಪಟ್ಟು ಹೆಣೆದಿದ್ದಾಳೆ. ಉಂಡ ಮನೆಯ ಗಳ ಎಣಿಸಿದವಳು ನನಗಾಗಿ ರಾತ್ರಿ ಕೂತು ಗವಸು ಹೆಣೆದಿದ್ದಾಳೆ. ಯಾವುದನ್ನು ನಂಬಲಿ? ಮಿಸೆಸ್ ಗ್ರಿಮ್‌ಶಾಗೆ ಕೊಟ್ಟುಬಿಟ್ಟೆ.

2 ನವೆಂಬರ್, ಶನಿವಾರ

ನಿನ್ನೆ ಪ್ರಸಾರ ಆಯಿತು.

ಗೂಡಿನ ದೀಪ ಹಾಕಿಸಿದೆ, ಕನ್ನಡಕ ಹಾಕಿಕೊಂಡೇ ಕೂತೆ. ಚಂದ ಕಟ್ಟಿಕೊಂಡು ಏನಾಗಬೇಕು ಇನ್ನು? ವಿಲ್ಫ್ ಒಮ್ಮೆ ನೋಡಿ 'ಚೆನ್ನಾಗಿ ಕಾಣುತ್ತೆ ಮಿಸ್' ಅಂದ, ಕೆಂಪು ದೀಪ ಹತ್ತಿತು.

ಮೊದಲ ಅರ್ಧ ನೀರು ಹರಿದ ಹಾಗೆ ಹೋಯಿತು. ಮಗ್ಗ ಓಡಿತು, ನಿಂತಿತು. ಗುಂಪು ನೂರು ಜನವಾಯಿತು. ಕೊನೆಗೆ ಸೆಲೀನಾ ಒಬ್ಬಳೇ ಮೈಕಿನ ಮುಂದೆ. ಹಾಳೆ ಮಗುಚಿದರೆ ಸದ್ದಾಗುತ್ತೆ ಅಂತ ಬಿಡಿ ಹಾಳೆ ಕೊಟ್ಟಿರುತ್ತೇವೆ. ಓದಿದ್ದನ್ನು ಮೆತ್ತಗೆ ನೆಲಕ್ಕೆ ಬಿಡಬೇಕು. ಕೈ ಬೆವೆತಿತ್ತೋ ಏನೋ — ಎರಡು ಹಾಳೆ ಒಟ್ಟಿಗೆ ಬಿಟ್ಟಳು. ಕೊನೆಯ ಹಾಳೆ ಅಮ್ಮನ ಮಾತಿನ ಸಮೇತ ನೆಲದಲ್ಲಿ. ಬಗ್ಗಿದರೆ ಮೈಕಿನಿಂದ ದೂರ.

ಬಾಯಿ ತೆರೆದೇ ಇತ್ತು. ಏನೂ ಬರಲಿಲ್ಲ. ರಿಹರ್ಸಲ್‌ನಲ್ಲಿ ಅಷ್ಟು ಸಲ ಹೇಳಿದ ಮಾತು ಆ ಹೊತ್ತಿಗೆ ಅವಳನ್ನು ಬಿಟ್ಟು ಹೋಗಿತ್ತು. ದೇಶಪೂರ್ತಿ ಮೌನ ಕೇಳುತ್ತಿತ್ತು.

ಸದ್ದು ಏರಿಸಿ ಇಳಿಸುವ ಗುಬುಟು ನನ್ನ ಕೈಯಲ್ಲಿ. ಅವಳ ಮೈಕು ಇಳಿಸಿ ಮಗ್ಗದ ಸದ್ದು ಏರಿಸಿದ್ದರೆ ಕಾರ್ಯಕ್ರಮ ಅಲ್ಲಿಗೆ ಸಭ್ಯವಾಗಿ ಮುಗಿಯುತ್ತಿತ್ತು. ಮರುದಿನ ಎಲ್ಲರೂ ಸೆಲೀನಾ ಕ್ರಾಸ್ಲಿ ಮಾತು ಮರೆತು ನಿಂತಳು ಅನ್ನುತ್ತಿದ್ದರು. ಮಾತು ಮರೆಯುವವಳನ್ನು ಯಾವ ಮಕ್ಕಳಿಗೂ ಆಂಟಿ ಮಾಡಲ್ಲ. ಕೈ ಗುಬುಟಿನ ಮೇಲೇ ಇತ್ತು. ಬರೆಯುತ್ತೇನೆ, ಆಸೆಯಾಯಿತು. ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು.

ಅವಳು ಗಾಜಿನ ಕಡೆ ನೋಡಿದಳು. ನಾನು ಎದ್ದು ನಿಂತು ಬಾಯಿ ಅಗಲಿಸಿ ತುಟಿಮಾತಲ್ಲಿ ಹೇಳಿದೆ: 'ಮೂವತ್ತು ವರ್ಷ ಲಿಝಿ ನನ್ನ ಪಕ್ಕದ ಮಗ್ಗದವಳು.'

ಅವಳು ನನ್ನ ತುಟಿಯಿಂದ ಎತ್ತಿಕೊಂಡು ಹೇಳಿದಳು. ಮುಂದಿನ ಸಾಲು ಕೊಟ್ಟೆ, ಹೇಳಿದಳು. ಮೊದಲು ಯಾವತ್ತೂ ಹಾಗೆ ಹೇಳಿರಲಿಲ್ಲ. ದನಿ ಒಡೆದಿತ್ತು, ಹೆದರಿಕೆಯೆಲ್ಲ ಅದರಲ್ಲೇ ಇತ್ತು. ಅಮ್ಮ ಬಾಗಿಲಲ್ಲಿ ಶಾಲು ಹೊದ್ದು ನಿಂತ ಹಾಗೇ ಆಯಿತು. ನನ್ನ ಕಣ್ಣಲ್ಲಿ ನೀರು ಬಂತು. ಅದು ಅಮ್ಮನಿಗಾಗಿ, ಇವಳಿಗಲ್ಲ. ಮಾತನ್ನು ಉಳಿಸಿದೆ, ಇವಳನ್ನಲ್ಲ. ಎರಡೂ ಒಟ್ಟಿಗೇ ಉಳಿದುಹೋದವು. ಏನು ಮಾಡಲಿ?

ಕೆಂಪು ದೀಪ ಆರಿತು. ಆಗ ಅವಳು ನಗುತ್ತಾ ಗಾಜಿನ ಕಡೆ ತಿರುಗಿ, ಕನ್ನಡಕ ನೋಡಿದಳು.

ನಗು ಹಾಗೇ ಮುಖದ ಮೇಲೆ ನಿಂತಿತು. ಕನ್ನಡಕ ನೋಡಿದಳು, ಗಾಜು ನೋಡಿದಳು, ತಾನು ಮಂಗಳವಾರ ನಿಂತಿದ್ದ ಜಾಗ ನೋಡಿದಳು. ಲೆಕ್ಕ ಹಾಕುವುದು ಕಾಣುತ್ತಿತ್ತು. ನಾನು ತಲೆಯಾಡಿಸಿದೆ. ಹೌದು ಅಂತ. ಅಷ್ಟೇ.

ಕೋಟು ಕೂಡ ಬಿಟ್ಟು ಹೊರಟುಹೋದಳು.

5 ನವೆಂಬರ್, ಮಂಗಳವಾರ

ಇವತ್ತು ಬೆಂಕಿ ಹಬ್ಬ, ಬೀದಿಯಲ್ಲೆಲ್ಲ ಬೆಂಕಿ, ಪಟಾಕಿ. ಪ್ರತಿ ವರ್ಷ ಈ ಸಂಜೆ ಶುಂಠಿ ಕೇಕ್ ತರುತ್ತಿದ್ದಳು. ಬರಲಿಲ್ಲ. ಮೆಟ್ಟಿಲ ಸದ್ದಾದಾಗೆಲ್ಲ ಕಿವಿ ನಿಮಿರಿತು. ನಾಚಿಕೆಗೇಡು.

8 ನವೆಂಬರ್, ಶುಕ್ರವಾರ

ಮೇಜಿನ ಆಚೆ ಮೂವರು. ನಡುವೆ ಲಂಡನ್ನಿನಿಂದ ಬಂದ ಬಿಳಿ ಮೀಸೆಯ ಹಿರಿಯರು, ಪಕ್ಕದಲ್ಲಿ ಪೆಲ್ಹಮ್. ಮೂರನೆಯವರು ಪೂರ್ತಿ ಹೊತ್ತು ಪೆನ್ಸಿಲ್ ಕೆತ್ತುತ್ತಿದ್ದರು.

ಹೊಗಳಿದ್ದೇ ಹೊಗಳಿದ್ದು. ಮುದುಕಿಯ ಕೊನೆಯ ಮಾತು ಕೇಳಿ ಹಿರಿಯರ ಹೆಂಡತಿ ಅತ್ತರಂತೆ. ನಡುವಿನ ಆ ಮೌನವೇ ಅದ್ಭುತವಂತೆ. ಅಷ್ಟು ಹೊತ್ತು ಮೌನ ಹಿಡಿಯುವ ಧೈರ್ಯ ಇನ್ಯಾವ ನಿರ್ಮಾಪಕರಿಗೂ ಇಲ್ಲವಂತೆ. ಹೌದು ಸಾರ್ ಅಂದೆ.

ಆಮೇಲೆ ಹಿರಿಯರು ಕಾಗದ ಸರಿಪಡಿಸಿಕೊಂಡು, ಇದು ಬರೀ ಪದ್ಧತಿಗೆ ಕೇಳುವುದು, ನಿಮಗೆ ಮದುವೆ ಆಗಿಲ್ಲವಲ್ಲ ಅಂದರು. ಪೆಲ್ಹಮ್ ಕಿಟಕಿಯ ಆಚೆ ಮಂಜು ನೋಡುತ್ತಿದ್ದರು. ಸುಳ್ಳು ಹೇಳಲಿ ಅಂತ ಕಾಯುತ್ತಿದ್ದರು. ಹೇಳಿದ್ದರೆ ಇನ್ನೊಂದು ಅಸ್ತ್ರ ಸಿಗುತ್ತಿತ್ತು.

'ಆಗಿದೆ' ಅಂದೆ. 'ಗಂಡ ಹಡಗು ಹತ್ತಿ ಹದಿಮೂರು ವರ್ಷ. ಅವನ ಜೊತೆ ಇದ್ದದ್ದಕ್ಕಿಂತ ಹೆಚ್ಚು ದಿನ ಈ ಕಟ್ಟಡದಲ್ಲಿ ಇದ್ದೀನಿ.'

ಪೆನ್ಸಿಲ್ ನಿಂತಿತು. ಹಿರಿಯರಿಗೆ ನಿಜವಾಗಿಯೂ ಬೇಜಾರಾಯಿತು. ಛೆ, ವಿಧವೆ ಆಗಿದ್ದರೆ ಏನೂ ತೊಂದರೆ ಇರಲಿಲ್ಲವಲ್ಲ ಅಂದರು. ಆಂಬ್ರೋಸ್‌ಗೆ ಬರೆದು ಕೇಳ್ತೀನಿ ಸಾರ್, ಒಪ್ಪಬಹುದು ಅಂದೆ. ಯಾರೂ ನಗಲಿಲ್ಲ.

ಥರ್ಲೋಗೆ ಸಿಕ್ಕಿತು. ತಿಂಗಳ ಕೊನೆಗೆ ನಾನು ಖಾಲಿ ಮಾಡಬೇಕು. ವಿಲ್ಫ್ ಮಗ್ಗ ಬಿಚ್ಚುತ್ತಿದ್ದ, ಮಾತಾಡಿಸಲು ಆಗಲಿಲ್ಲ.

10 ನವೆಂಬರ್, ಭಾನುವಾರ

ಚಹದ ಹೊತ್ತಿಗೇ ಬಂದಳು. ಬೇರೆ ಹೆಂಗಸಾಗಿದ್ದರೆ ಆ ಹೊತ್ತನ್ನು ಆರಿಸಿಕೊಳ್ಳುತ್ತಿರಲಿಲ್ಲ. ಕೂರು ಅನ್ನಲಿಲ್ಲ. ಕೂತಳು.

'ಹೊಡಿ. ಬೈಯಿ. ಏನಾದ್ರೂ ಮಾಡು' ಅಂದಳು.

'ಯಾಕೆ ಹೇಳ್ದೆ?'

'ಪೆಲ್ಹಮ್ ಕೇಳಿದ್ರು.'

'ಅವರು ನನ್ನ ಅಜ್ಜಿ ಹೆಸರೂ ಕೇಳಿದ್ರೆ ಹೇಳ್ತಿದ್ಯಾ?'

ಟೋಪಿಯ ರಿಬ್ಬನ್ ತಿರುಚಿದಳು. ಆಮೇಲೆ ಬಂತು. ಅಳು ಬರುತ್ತೆ ಅಂದುಕೊಂಡಿದ್ದೆ, ಬಂದದ್ದು ಸಿಟ್ಟು.

'ನೀನು ಕಾಯಂ ಆದ್ರೆ ನನಗೇನು ಬರ್ತಿತ್ತು ಹೇಳು? ಗೋಡೆ ಕಡೆ ಮುಖ ಮಾಡಿ ಗುಜುಗುಜು. ಮೊದಲು ಟ್ರೇ, ಆಮೇಲೆ ಗುಜುಗುಜು. ವರ್ಷಕ್ಕೊಂದು ಮುದುಕಿ. ಭಾನುವಾರ ಬಂದು ನಿನ್ನ ಬ್ರೆಡ್ ತಿಂದು ಹೋಗೋದು. ಸಾಕಾಗಿತ್ತು ಕಣೆ.'

'ಕೇಳಿದ್ರೆ ಕೊಡ್ತಿದ್ದೆ.'

'ಅದೇ. ಕೇಳಬೇಕಿತ್ತು. ಪ್ರತಿ ಸಲ ನಿನ್ನನ್ನೇ ಕೇಳಬೇಕಿತ್ತು.'

ಅವಳ ಮಾತು ನಿಜ ಇದ್ದರೂ ಇರಲಿ, ನನ್ನ ಕುತ್ತಿಗೆಯೇ ಏಕೆ ಬೇಕಿತ್ತು? ಹಾಗೆ ಕೇಳಿದೆ. ಹೇಳಿದ್ದನ್ನಾದರೂ ಮರೆತೇನು, ಎರಡು ದಿನ ಬಿಟ್ಟು ಬಂದು ಗವಸು ಕೊಟ್ಟು ಹರಸಿ ಹೋದೆಯಲ್ಲ, ಅದು ಹೇಗೆ ಸಾಧ್ಯವಾಯಿತು ಅಂತ ಕೇಳಿದೆ.

'ಅದೂ ನಿಜಾನೇ ಆಗಿತ್ತು' ಅಂದಳು. 'ಎರಡೂ ನಿಜ. ನನಗೂ ಅರ್ಥ ಆಗಲ್ಲ.'

ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಬಂದ ಕೆಲಸ ಬೇರೆಯೇ ಇತ್ತು. ಗುರುವಾರದ ಮಕ್ಕಳ ಕಾರ್ಯಕ್ರಮ ಅವಳಿಗೆ ಸಿಕ್ಕಿದೆ, ಸೆಲೀನಾ ಆಂಟಿ ಆಗಿದ್ದಾಳೆ. ಕಥೆ ಬರೆಯುವವನು ಥರ್ಲೋ. ಬರೀ ಯಕ್ಷಿಣಿ, ಬರೀ ಕ್ರಿಕೆಟ್ಟು. ಮಕ್ಕಳು ರೇಡಿಯೊ ಆರಿಸಿ ಬೀದಿಗೆ ಓಡುತ್ತಾರಂತೆ. ನೀನು ಬರೆದುಕೊಡು, ಪೆಲ್ಹಮ್‌ಗೆ ತಿಳಿಯುವುದು ಬೇಡ, ನಿನಗೂ ಒಂದು ದಾರಿಯಾಯಿತು ಅಂದಳು. ಕರುಣೆ ತೋರಿಸುತ್ತಿರುವವಳ ದನಿ.

'ಮಾತು ನಿಂದು, ಬಾಯಿ ನಂದು. ಮೊದಲಿಂದ ಹಾಗೇ ತಾನೆ?'

ಬಾಗಿಲು ತೆರೆದು ಹಿಡಿದೆ. ಹೋದಳು. ಮಿಸೆಸ್ ಗ್ರಿಮ್‌ಶಾ ಮೆಟ್ಟಿಲ ಬುಡದಲ್ಲಿ ನೀಲಿ ಗವಸು ಹಾಕಿಕೊಂಡು ಕಲ್ಲಿದ್ದಲು ತುಂಬುತ್ತಿದ್ದರು. ಸೆಲೀನಾ ಅದನ್ನು ನೋಡಿ ಒಂದು ಕ್ಷಣ ನಿಂತಳು.

5 ಡಿಸೆಂಬರ್, ಗುರುವಾರ

ಮಾರ್ಕೆಟ್ ಬೀದಿಯ ಅಂಗಡಿಯಲ್ಲಿ ಕೆಲಸ. ಎರಡನೇ ಮಹಡಿ, ರೇಡಿಯೊ ವಿಭಾಗ. ಗುಬುಟು ತಿರುಗಿಸಿ ತೋರಿಸಬೇಕು, 'ಪಕ್ಕದ ಕೋಣೆಯಲ್ಲೇ ಮಾತಾಡಿದ ಹಾಗೆ ಕೇಳುತ್ತೆ ಮೇಡಂ' ಅನ್ನಬೇಕು. ಬೆಳಿಗ್ಗೆ ಒಬ್ಬಳು ದಿಟ್ಟಿಸಿ ನೋಡಿ 'ನಿಮ್ಮನ್ನು ಎಲ್ಲೋ ನೋಡಿದ್ದೀನಿ' ಅಂದಳು. ಇಲ್ಲ ಅಂದೆ.

ಐದು ಗಂಟೆಗೆ ಅಂಗಡಿಯ ಎಲ್ಲ ಪೆಟ್ಟಿಗೆಗಳಿಂದಲೂ ಒಟ್ಟಿಗೆ ಸೆಲೀನಾ. 'ಹಲೋ, ನನ್ನ ಪುಟಾಣಿಗಳೇ.' ಬೆಚ್ಚನೆಯ, ಬೆಣ್ಣೆ ಹಚ್ಚಿದ ದನಿ. ಉಸಿರು ಎಲ್ಲಿ ನಿಲ್ಲಿಸಬೇಕು ಅಂತ ನಾನು ಕಲಿಸಿದಲ್ಲೇ ನಿಲ್ಲಿಸಿದಳು. ಮಗು ಎತ್ತಿಕೊಂಡ ಒಬ್ಬ ತಾಯಿ, 'ಎಷ್ಟು ಒಳ್ಳೇ ಹೆಂಗಸು ಇರಬೇಕು ಪಾಪ, ದನಿಯಲ್ಲೇ ಗೊತ್ತಾಗುತ್ತೆ' ಅಂದಳು.

ಆರಿಸಲು ಕೈ ಹೋಯಿತು. ಅಂಗಡಿಯವರದು, ಆರಿಸುವ ಹಾಗಿಲ್ಲ. ಕೊನೆಯ ತನಕ ನಿಂತು ಕೇಳಿದೆ.

10 ಡಿಸೆಂಬರ್, ಮಂಗಳವಾರ

ಟ್ರಾಮ್ ಸ್ಟಾಪಿನಲ್ಲಿ ಕಾದು ನಿಂತಿದ್ದಳು. ತೆಳ್ಳಗಾಗಿದ್ದಾಳೆ. ಥರ್ಲೋ ಕಥೆಗೆ ಪೆಲ್ಹಮ್ ಮುಖ ಸಿಂಡರಿಸುತ್ತಿದ್ದಾರಂತೆ, ಆಂಟಿಯಲ್ಲೇ ದೋಷ ಇರಬೇಕು ಅಂದರಂತೆ. ಒಂದೇ ಒಂದು ಕಥೆ ಬರೆದುಕೊಡು ಲೆಟ್ಟಿ ಅಂದಳು. ಮಿಲ್ಲಿನದು, ನಮ್ಮಂಥ ಹುಡುಗಿಯರದು.

ಆಗಲಿ ಅಂದೆ. ಬೆಚ್ಚಿಬಿದ್ದಳು. ಕೈ ಹಿಡಿದುಕೊಂಡಳು, ಬಿಡಿಸಿಕೊಳ್ಳಲಿಲ್ಲ. ಮುಂಚೆ ಓದಿ ನೋಡಲು ನಾಳೆ ಬುಧವಾರವೇ ಕೊಡಲೇ ಅಂತ ಕೇಳಿದೆ.

'ಬೇಡ ಮಾರಾಯ್ತಿ. ಗುರುವಾರ ಬಾಗಿಲಲ್ಲೇ ಕೊಡು ಸಾಕು. ಈಗ ಮುಂಚೆ ಓದಲ್ಲ ನಾನು, ಓದಿದ್ರೆ ದನಿ ಹಳಸುತ್ತೆ. ಮೈಕ್ ಮುಂದೆ ನೋಡ್ಕೊಂಡು ಹಾಗೇ ಹೇಳ್ಬಿಡ್ತೀನಿ. ನಿನ್ನ ಬರವಣಿಗೆ ಅಲ್ವಾ, ಕಣ್ಣು ಮುಚ್ಚಿ ನಂಬ್ತೀನಿ.'

ನಂಬ್ತೀನಿ ಅಂದಳು. ಅವಳ ಬಾಯಿಂದಲೇ.

ಗುರುವಾರ ಐದಕ್ಕೆ ಕೆಂಪು ದೀಪ ಹತ್ತುತ್ತೆ. ಒಮ್ಮೆ ಗಾಳಿಗೆ ಬಿದ್ದ ಮಾತನ್ನು ಪೆಲ್ಹಮ್ ಅಲ್ಲ, ಅವರಪ್ಪನೂ ಹಿಡಿಯಲಾರ. ಅರ್ಧಕ್ಕೆ ನಿಲ್ಲಿಸಿದರೆ ಮಾತು ಮರೆತ ಆಂಟಿ. ನಿಲ್ಲಿಸದಿದ್ದರೆ ಹೇಳಲೇಬೇಕು. ಈ ಸಲ ಗಾಜಿನ ಈಚೆ ನಾನಿರಲ್ಲ. ಅಂಗಡಿಯಲ್ಲಿ ನಿಂತು ಎಲ್ಲ ಪೆಟ್ಟಿಗೆಗಳಿಂದ ಒಟ್ಟಿಗೆ ಕೇಳುತ್ತೇನೆ.

ಬರೆಯಲು ಕೂತಿದ್ದೇನೆ. ಮಕ್ಕಳಿಗೆ ತಿಳಿಯುವ ಹಾಗೆ, ಸಣ್ಣ ಸಣ್ಣ ವಾಕ್ಯ. ಮೊದಲು ಇಲ್ಲೇ ಬರೆದು ನೋಡುತ್ತೇನೆ:

ಪುಟಾಣಿಗಳೇ, ಒಂದು ಊರಲ್ಲಿ ಇಬ್ಬರು ಗೆಳತಿಯರಿದ್ದರು. ಒಬ್ಬಳು ಇನ್ನೊಬ್ಬಳ ಮದುವೆಗೆ ಸಾಕ್ಷಿ ಹಾಕಿದಳು. ಆ ಮದುವೆ ಗುಟ್ಟಾಗಿತ್ತು. ತನ್ನ ಬಾಯಿಗೆ ಬೀಗ ಅಂತ ಅವಳು ಹೇಳಿದ್ದಳು. ಒಂದು ದಿನ ದೊಡ್ಡ ಸಾಹೇಬರು ಅವಳನ್ನು ಕರೆದರು. ಪುಟಾಣಿಗಳೇ, ಬೀಗ ಹಾಕಿಕೊಂಡಿದ್ದ ಆ ಗೆಳತಿಯ ಹೆಸರು...